ಮ್ಯಾಕ್‌ಬೆತ್‌ನನ್ನು ಕೆಡಿಸಿದ್ದು ಆಸೆಯೋ, ಆಸೆ ಈಡೇರಿದ ಮೇಲೆ ಬಂದ ಭಯವೋ?

ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಲ್ಲಿ ಮಿತಿಮೀರಿದ ಅಧಿಕಾರದ ಆಸೆ ಪಾತ್ರಗಳನ್ನು ಹೇಗೆ ಹಾಳು ಮಾಡುತ್ತದೆ ಅಂತ ಕೇಳಿದ್ದೀರಿ. ಜೊತೆಗೆ, ಮಾಟಗಾತಿಯರು ಸಿಗದೇ ಇದ್ದಿದ್ದರೆ, ಹೆಂಡತಿ ತಲೆ ಕೆಡಿಸದೇ ಇದ್ದಿದ್ದರೆ ಅವನು ಒಳ್ಳೆಯವನಾಗಿಯೇ ಇರುತ್ತಿದ್ದನಲ್ವಾ ಅಂತಲೂ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಯುದ್ಧ ಗೆದ್ದು ಬರುತ್ತಿದ್ದ ಸ್ಕಾಟ್ಲೆಂಡಿನ ಸೇನಾಪತಿ ಮ್ಯಾಕ್‌ಬೆತ್‌ಗೆ ಮಾಟಗಾತಿಯರು ಹೇಳಿದ್ದೇನು ನೋಡಿ. ನೀನು ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ರಾಜ. ಇಷ್ಟೇ. ಯಾರನ್ನಾದರೂ ಕೊಲ್ಲು ಅಂತ ಒಂದು ಮಾತೂ ಇಲ್ಲ. ಪಕ್ಕದಲ್ಲೇ ನಿಂತಿದ್ದ ಗೆಳೆಯ ಬ್ಯಾಂಕೋಗೂ ಭವಿಷ್ಯ ಹೇಳುತ್ತಾರೆ, ನೀನು ರಾಜನಾಗುವುದಿಲ್ಲ, ಆದರೆ ನಿನ್ನ ವಂಶದವರು ಆಗುತ್ತಾರೆ ಅಂತ. ಅವನು ಚಾಕು ಹಿಡಿದು ಹೊರಡಲಿಲ್ಲ. ಮ್ಯಾಕ್‌ಬೆತ್ ಮಾತ್ರ ಆ ಮಾತು ಕೇಳಿದ ಕೂಡಲೇ ಬೆಚ್ಚಿಬೀಳುತ್ತಾನೆ. ಇಷ್ಟು ಒಳ್ಳೆಯ ಸುದ್ದಿಗೆ ಯಾಕಪ್ಪಾ ಹೆದರುತ್ತೀಯ ಅಂತ ಬ್ಯಾಂಕೋನೇ ಕೇಳುತ್ತಾನೆ. ಆಮೇಲೆ ಕಾಡರ್‌ನ ಪದವಿ ನಿಜವಾಗಿಯೂ ಸಿಕ್ಕಿತೋ ಇಲ್ಲವೋ, ಕೊಲೆಯ ಯೋಚನೆ ಅವನ ತಲೆಗೆ ತಾನಾಗಿಯೇ ಬರುತ್ತದೆ. ಹೆಂಡತಿ ಇನ್ನೂ ರಂಗದ ಮೇಲೆ ಬಂದೇ ಇಲ್ಲ!

ಆ ಕಾಡರ್ ಪದವಿಯದ್ದೇ ಒಂದು ಕಥೆ. ಹಿಂದಿನ ಒಡೆಯ ರಾಜದ್ರೋಹ ಮಾಡಿ ತಲೆ ಕಳೆದುಕೊಂಡವನು. ಮುಖ ನೋಡಿ ಮನಸ್ಸು ತಿಳಿಯೋಕಾಗಲ್ಲ, ಅವನನ್ನು ಪೂರ್ತಿ ನಂಬಿದ್ದೆ ಅಂತ ರಾಜ ಡಂಕನ್ ಹೇಳುತ್ತಿರುವಾಗಲೇ ಮ್ಯಾಕ್‌ಬೆತ್ ಒಳಗೆ ಬರುತ್ತಾನೆ. ರಾಜ ಅವನನ್ನೂ ಹಾಗೇ ನಂಬುತ್ತಾನೆ. ಇನ್ನೊಂದು ವಿಷಯ ಓದುವಾಗ ಸುಲಭವಾಗಿ ತಪ್ಪಿಹೋಗುತ್ತದೆ. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಪಟ್ಟ ಅಪ್ಪನಿಂದ ಮಗನಿಗೆ ತಾನಾಗಿ ಬರುತ್ತಿರಲಿಲ್ಲ, ರಾಜಮನೆತನದ ಬೇರೆ ಸಮರ್ಥರಿಗೂ ಹೋಗಬಹುದಿತ್ತು. ಈಗಷ್ಟೇ ಯುದ್ಧ ಗೆದ್ದುಕೊಟ್ಟ, ರಾಜನಿಗೆ ಸಂಬಂಧಿಯೂ ಆದ ಮ್ಯಾಕ್‌ಬೆತ್‌ಗೆ ಆಸೆ ಹುಟ್ಟಿದ್ದರಲ್ಲಿ ವಿಚಿತ್ರವೇನೂ ಇಲ್ಲ. ಡಂಕನ್ ಎಲ್ಲರೆದುರು ಮಗ ಮಾಲ್ಕಂನನ್ನು ಉತ್ತರಾಧಿಕಾರಿ ಅಂತ ಸಾರಿದ ಕ್ಷಣದಲ್ಲೇ ಇವನು, ನಕ್ಷತ್ರಗಳೇ ಬೆಳಕು ಮುಚ್ಚಿಕೊಳ್ಳಿ, ನನ್ನ ಒಳಗಿನ ಕಪ್ಪು ಆಸೆ ಕಾಣಬಾರದು ಅನ್ನುತ್ತಾನೆ. ಹಾಗಾಗಿ 'ಆಸೆ ಪಟ್ಟಿದ್ದೇ ತಪ್ಪು' ಅನ್ನುವ ಸರಳ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ.

ಒಂದನೇ ಅಂಕದ ಏಳನೇ ದೃಶ್ಯದಲ್ಲಿ ಅವನು ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ. ಡಂಕನ್ ನನ್ನ ನೆಂಟ, ನನ್ನ ರಾಜ, ಇವತ್ತು ನನ್ನ ಮನೆಗೆ ಬಂದ ಅತಿಥಿ, ಮೇಲಾಗಿ ಒಳ್ಳೆಯ ಮನುಷ್ಯ. ಕೊಲ್ಲೋಕೆ ಕಾರಣವೇ ಇಲ್ಲ, ಇರುವುದು ಆಸೆ ಒಂದೇ, ಅದು ಕುದುರೆ ಏರಲು ಜಾಸ್ತಿ ಎಗರಿ ಆಚೆ ಬದಿಗೆ ಬೀಳುವ ಆಸೆ ಅಂತ ಅವನೇ ಹೇಳಿಕೊಳ್ಳುತ್ತಾನೆ. ಹೆಂಡತಿ ಬಂದಾಗ, ಈ ವಿಷಯ ಇಲ್ಲಿಗೇ ಬಿಡೋಣ ಅಂತ ತೀರ್ಮಾನವನ್ನೂ ಹೇಳುತ್ತಾನೆ. ಅವಳು ನೀನು ಗಂಡಸೇನಾ ಅಂತ ಕೆಣಕುತ್ತಾಳೆ. ದೃಶ್ಯ ಮುಗಿಯುವಷ್ಟರಲ್ಲಿ ಅವನು ಒಪ್ಪಿಯಾಗಿರುತ್ತದೆ. ಮ್ಯಾಕ್‌ಬೆತ್‌ಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಎಲ್ಲ ಗೊತ್ತಿದ್ದೂ ಮಾಡಿದ. ಹೆಂಡತಿ ದಾರಿ ತಪ್ಪಿಸಿದಳು ಅನ್ನುವುದು ಅವನಿಗೆ ಕೊಡುವ ರಿಯಾಯಿತಿ ಅಷ್ಟೇ. ಅವಳು ಅದೇ ಜಗಳದಲ್ಲಿ, ಈ ಮಾತನ್ನು ಮೊದಲು ನನ್ನ ಹತ್ತಿರ ಎತ್ತಿದವನು ನೀನೇ ಅಂತ ನೆನಪಿಸುತ್ತಾಳಲ್ವಾ?

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಾನು ಈ ನಾಟಕವನ್ನು ನೋಡುವ ರೀತಿ ಹೀಗೆ: ರಾಜನಾಗುವ ಆಸೆ ಮಾಡಿಸಿದ್ದು ಡಂಕನ್‌ನ ಕೊಲೆಯನ್ನು, ಅದನ್ನು ಮುಚ್ಚಿಹಾಕಲು ಅಲ್ಲೇ ಕಾವಲುಗಾರರ ಕೊಲೆ. ಆ ಆಸೆ ಎರಡನೇ ಅಂಕಕ್ಕೇ ಈಡೇರಿಹೋಯಿತು. ಪಟ್ಟ ಸಿಕ್ಕಿತು. ಆಮೇಲಿನ ಮೂರು ಅಂಕಗಳಲ್ಲಿ ಹರಿಯುವ ರಕ್ತವೆಲ್ಲ ಭಯದ್ದು. ರಾಜನಾಗಿರುವುದು ದೊಡ್ಡದಲ್ಲ, ನೆಮ್ಮದಿಯಾಗಿ ರಾಜನಾಗಿರಬೇಕು ಅಂತ ಮೂರನೇ ಅಂಕದ ಶುರುವಿನಲ್ಲೇ ಗೊಣಗುತ್ತಾನೆ. ತನಗೆ ಮಕ್ಕಳಿಲ್ಲ, ಕಿರೀಟ ಕೊನೆಗೆ ಬ್ಯಾಂಕೋ ಮನೆಗೇ ಹೋಗುತ್ತದಲ್ಲ, ಅವರಿಗೋಸ್ಕರ ನಾನು ಕೈ ಕೊಳೆ ಮಾಡಿಕೊಂಡೆನಾ ಅನ್ನುವ ಸಂಕಟ. ಬಾಡಿಗೆ ಕೊಲೆಗಾರರನ್ನು ಕರೆಸುತ್ತಾನೆ. ಅವರನ್ನು ಒಪ್ಪಿಸಲು ಬಳಸುವುದು ಯಾವ ಮಾತು ಗೊತ್ತಾ? ನೀವು ಗಂಡಸರೇನ್ರೋ ಅನ್ನುವುದನ್ನೇ! ಹೆಂಡತಿ ತನ್ನ ಮೇಲೆ ಪ್ರಯೋಗಿಸಿದ ಅಸ್ತ್ರವನ್ನು ಕಲಿತುಕೊಂಡುಬಿಟ್ಟಿದ್ದಾನೆ. ಬ್ಯಾಂಕೋ ಸಾಯುತ್ತಾನೆ, ಮಗ ಫ್ಲಿಯಾನ್ಸ್ ತಪ್ಪಿಸಿಕೊಳ್ಳುತ್ತಾನೆ. ಭಯ ಹೋಗಲಿಲ್ಲ, ಇನ್ನೂ ಜಾಸ್ತಿಯಾಯಿತು. ಪ್ರತಿಯೊಬ್ಬ ಸರದಾರನ ಮನೆಯಲ್ಲೂ ದುಡ್ಡು ಕೊಟ್ಟು ಒಬ್ಬ ಆಳನ್ನು ಬೇಹುಗಾರನಾಗಿ ಇಡುತ್ತಾನೆ.

ಇನ್ನೊಬ್ಬ ಸರದಾರ ಮ್ಯಾಕ್‌ಡಫ್‌ನ ಮನೆಯ ಕೊಲೆಗೆ ಬರುವಷ್ಟರಲ್ಲಿ ಲಾಭದ ಲೆಕ್ಕವೂ ಇಲ್ಲ. ಮ್ಯಾಕ್‌ಡಫ್ ಆಗಲೇ ಇಂಗ್ಲೆಂಡಿಗೆ ಓಡಿಹೋಗಿದ್ದಾನೆ. ಅವನ ಹೆಂಡತಿ ಮಕ್ಕಳನ್ನು ಕೊಂದರೆ ಪಟ್ಟ ಗಟ್ಟಿಯಾಗಲ್ಲ. ಆದರೂ ಕೊಲ್ಲಿಸುತ್ತಾನೆ. ಡಂಕನ್ ವಿಷಯದಲ್ಲಿ ಅಷ್ಟೊಂದು ಒದ್ದಾಡಿದವನು, ಇನ್ನು ಮೇಲೆ ಮನಸ್ಸಿಗೆ ಬಂದದ್ದನ್ನು ಯೋಚಿಸದೆ ಕೂಡಲೇ ಮಾಡಿಬಿಡುತ್ತೇನೆ ಅನ್ನುತ್ತಾನೆ. ನನಗೆ ಇಡೀ ನಾಟಕದಲ್ಲಿ ಜಾಸ್ತಿ ಹೆದರಿಕೆ ಹುಟ್ಟಿಸುವ ಸಾಲು ಅದು. ಭೂತಗಳಿಗಿಂತ.

ಮ್ಯಾಕ್‌ಬೆತ್‌ನ ಹೆಂಡತಿ ಹೋಗುವುದು ಇದರ ತದ್ವಿರುದ್ಧ ದಿಕ್ಕಿಗೆ. ಮೊದಲು ಗಟ್ಟಿಗಿತ್ತಿ ಅವಳೇ. ಗಂಡ ಭಯದಲ್ಲಿ ರಕ್ತದ ಚಾಕುಗಳನ್ನು ಕೈಯಲ್ಲೇ ಹಿಡಿದುಕೊಂಡು ಬಂದಾಗ, ವಾಪಸ್ ಹೋಗಿ ಕಾವಲುಗಾರರ ಪಕ್ಕ ಇಟ್ಟು, ಅವರಿಗೆ ರಕ್ತ ಬಳಿದು ಬರುವವಳು ಅವಳು. ಸ್ವಲ್ಪ ನೀರು ಸಾಕು, ತೊಳೆದರೆ ಮುಗೀತು ಅನ್ನುವ ಧೈರ್ಯ. ಆದರೆ ಆಗಲೂ ಒಂದು ಬಿರುಕು ಕಾಣುತ್ತದೆ: ಮಲಗಿದ್ದ ರಾಜ ನನ್ನ ಅಪ್ಪನ ಹಾಗೆ ಕಾಣದೇ ಇದ್ದಿದ್ದರೆ ನಾನೇ ಮುಗಿಸುತ್ತಿದ್ದೆ ಅನ್ನುತ್ತಾಳೆ. ರಾಣಿಯಾದ ಮೇಲೆ ಅವಳಿಗೆ ಉಳಿಯುವುದೇನು? ಬ್ಯಾಂಕೋ ಕೊಲೆಯ ವಿಷಯವನ್ನು ಗಂಡ ಹೇಳುವುದೇ ಇಲ್ಲ. ನಿನಗ್ಯಾಕೆ, ಮುಗಿದ ಮೇಲೆ ಮೆಚ್ಚಿಕೋ ಅನ್ನುತ್ತಾನೆ. ಮೊದಲು ಕಾಗದ ಬರೆದು ಎಲ್ಲ ಹಂಚಿಕೊಂಡಿದ್ದವನು! ಬ್ಯಾಂಕೋ ಭೂತ ಬಂದು ಕೂರುವ ಔತಣದಲ್ಲಿ ಹೇಗೋ ಮಾನ ಉಳಿಸಲು ಒದ್ದಾಡಿದ ನಂತರ ಅವಳು ನಾಟಕದಿಂದಲೇ ಮರೆಯಾಗುತ್ತಾಳೆ. ಮತ್ತೆ ಕಾಣುವುದು ಐದನೇ ಅಂಕದಲ್ಲಿ, ನಿದ್ದೆಯಲ್ಲಿ ನಡೆಯುತ್ತಾ, ಇಲ್ಲದ ಕಲೆಯನ್ನು ಕೈಯಿಂದ ಉಜ್ಜುತ್ತಾ. ಅರೇಬಿಯಾದ ಅತ್ತರನ್ನೆಲ್ಲ ಸುರಿದರೂ ವಾಸನೆ ಹೋಗಲ್ಲವಂತೆ. ಹಿಂದೆ ಕತ್ತಲೆಯನ್ನು ಬಾ ಬಾ ಅಂತ ಕರೆದಿದ್ದವಳು ಈಗ ಯಾವಾಗಲೂ ಪಕ್ಕದಲ್ಲಿ ದೀಪ ಇರಲೇಬೇಕು ಅಂತ ಅಪ್ಪಣೆ ಮಾಡಿದ್ದಾಳೆ. ಮ್ಯಾಕ್‌ಡಫ್‌ಗೊಬ್ಬಳು ಹೆಂಡತಿ ಇದ್ದಳು, ಈಗೆಲ್ಲಿ ಅವಳು ಅಂತ ಬಡಬಡಿಸುತ್ತಾಳೆ. ಆ ಕೊಲೆಯಲ್ಲಿ ಇವಳ ಕೈವಾಡ ಎಲ್ಲೂ ಕಾಣುವುದಿಲ್ಲ, ಆದರೂ ಅದು ಇವಳ ನಿದ್ದೆಗೇ ಬಂದು ಕೂತಿದೆ. ಅವಳು ಸತ್ತ ಸುದ್ದಿ ಬಂದಾಗ ಗಂಡನಿಗೆ ಅಳುವುದಕ್ಕೂ ಆಗುವುದಿಲ್ಲ, ನಾಳೆ ನಾಳೆ ಅಂತ ದಿನಗಳು ತೆವಳುತ್ತವೆ, ಯಾವುದಕ್ಕೂ ಅರ್ಥವಿಲ್ಲ ಅನ್ನುತ್ತಾನೆ. ಅಧಿಕಾರ ಮೊದಲು ನುಂಗಿದ್ದು ಇವರ ದಾಂಪತ್ಯವನ್ನು.

ಬ್ಯಾಂಕೋ ವಿಷಯದಲ್ಲಿ ಜನ ಸ್ವಲ್ಪ ಉದಾರವಾಗಿಬಿಡುತ್ತಾರೆ. ಅವನಿಗೆ ಅನುಮಾನ ಇತ್ತು, ನೀನು ಮೋಸದಿಂದ ಗೆದ್ದೆ ಅಂತ ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ, ಆದರೆ ಬಾಯಿ ಬಿಡುವುದಿಲ್ಲ, ಯಾಕೆಂದರೆ ತನ್ನ ವಂಶದ ಭವಿಷ್ಯವೂ ನಿಜವಾಗಬಹುದು ಅನ್ನುವ ಆಸೆ. ಶೇಕ್ಸ್‌ಪಿಯರ್ ಕಥೆ ತೆಗೆದುಕೊಂಡ ಹಾಲಿನ್‌ಶೆಡ್‌ನ ಇತಿಹಾಸ ಗ್ರಂಥದಲ್ಲಿ ಬ್ಯಾಂಕೋ ಕೊಲೆಯಲ್ಲಿ ಪಾಲುದಾರ. ಆದರೆ ನಾಟಕ ಬರೆದ 1606ರ ಹೊತ್ತಿಗೆ ಇಂಗ್ಲೆಂಡಿನ ಗದ್ದುಗೆಯಲ್ಲಿದ್ದ ಒಂದನೇ ಜೇಮ್ಸ್ ತಾನು ಬ್ಯಾಂಕೋ ವಂಶದವನು ಅಂತ ಹೇಳಿಕೊಳ್ಳುತ್ತಿದ್ದ. ಪಾಲುದಾರಿಕೆ ಮಾಯವಾಗಿದ್ದಕ್ಕೆ ಇದೇ ಕಾರಣ ಅಂತ ಹೆಚ್ಚಿನವರು ನಂಬುತ್ತಾರೆ. ಅಂದಹಾಗೆ ಅಸಲಿ ಮ್ಯಾಕ್‌ಬೆತ್ ಡಂಕನ್‌ನನ್ನು ಮಲಗಿದ್ದಲ್ಲಿ ಚುಚ್ಚಲಿಲ್ಲ. ಡಂಕನ್ ಸತ್ತಿದ್ದು 1040ರಲ್ಲಿ, ಯುದ್ಧದಲ್ಲಿ. ಆಮೇಲೆ ಮ್ಯಾಕ್‌ಬೆತ್ 1057ರವರೆಗೂ ಆಳಿದ. ಪಾಪ, ನಾಟಕದಿಂದ ಅವನ ಹೆಸರು ಶಾಶ್ವತವಾಗಿ ಕೆಟ್ಟಿತು.

ಕನ್ನಡದಲ್ಲಿ ನೋಡಬೇಕು, ಓದಬೇಕು ಅಂದರೆ ಎಚ್.ಎಸ್. ಶಿವಪ್ರಕಾಶ್ ಅವರ 'ಮಾರನಾಯಕನ ದೃಷ್ಟಾಂತ' ಇದೇ ಕಥೆಯ ರೂಪಾಂತರ. ಅದನ್ನು ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದ ಆಡಿಸಿದ್ದರು. ಕೈಯ ರಕ್ತ ತೊಳೆದರೂ ಹೋಗದು ಅನ್ನುವ ಕಥೆಯನ್ನು ಶಿಕ್ಷೆ ಅನುಭವಿಸುತ್ತಿರುವವರೇ ಆಡುವುದು ಅಂದರೆ ಯೋಚಿಸಿ.

ಪರೀಕ್ಷೆಗೋ ಅಸೈನ್‌ಮೆಂಟಿಗೋ ಬೇಕಿದ್ದರೆ ಮೂರು ದೃಶ್ಯ ಗಟ್ಟಿ ಮಾಡಿಕೊಳ್ಳಿ: ಒಂದನೇ ಅಂಕದ ಏಳು, ಮೂರನೇ ಅಂಕದ ಎರಡು, ಐದನೇ ಅಂಕದ ಒಂದು. ಪುರುಸೊತ್ತಿದ್ದರೆ ನಾಲ್ಕನೇ ಅಂಕದ ಮೂರನೇ ದೃಶ್ಯವನ್ನೂ ಬಿಡಬೇಡಿ. ಅಲ್ಲಿ ಮಾಲ್ಕಂ ಮ್ಯಾಕ್‌ಡಫ್‌ನನ್ನು ಪರೀಕ್ಷೆ ಮಾಡಲು, ನಾನು ಮಹಾ ಕಾಮುಕ, ದುರಾಸೆಯವನು ಅಂತ ಸುಳ್ಳು ಹೇಳುತ್ತಾನೆ. ಧರ್ಮಾತ್ಮನಂತಿರುವ ಮ್ಯಾಕ್‌ಡಫ್ ಅಷ್ಟಕ್ಕೆಲ್ಲ ಪರವಾಗಿಲ್ಲ, ಹೇಗೋ ಸಂಭಾಳಿಸಬಹುದು ಅಂತಾನೆ! ರಾಜನಾಗುವವನಲ್ಲಿ ಎಷ್ಟು ಆಸೆಯನ್ನು ಜನ ಸಹಿಸಿಕೊಳ್ಳುತ್ತಾರೆ ಅಂತ ಬರೆಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ಈ ನಾಟಕದಲ್ಲಿ ಇಲ್ಲ.