ಕೆಜಿಎಫ್‌ನಲ್ಲಿ ಕನ್ನಡ ನಡೆಯುತ್ತಾ ಅಂತ ಕೇಳುವವರಿಗೆ

ಬೆಂಗಳೂರಿನಲ್ಲಿ ಯಾರಾದರೂ ಊರು ಕೇಳಿದರೆ ಬೇತಮಂಗಲದ ಕಡೆ ಅಂತೀನಿ. ಸುಮಾರು ಜನಕ್ಕೆ ಗೊತ್ತಾಗುವುದಿಲ್ಲ. ಕೋಲಾರದ ಚಿನ್ನದ ಗಣಿ ಊರು ಕೆಜಿಎಫ್ ಪಕ್ಕ ಅಂದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಸಿನಿಮಾದಲ್ಲಿ ತೋರಿಸಿದ ಹಾಗೇ ಇದೆಯಾ? ಅಲ್ಲಿ ಎಲ್ಲಾ ತಮಿಳೇ ಅಲ್ವಾ, ಕನ್ನಡ ನಡೆಯುತ್ತಾ? ಶಿವಮೊಗ್ಗ ಕಡೆಯಿಂದ ಬಂದು ಇಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಈಚೆಗೆ ಇದನ್ನೇ ಕೇಳಿದರು. ಅವರಿಗೆ ಹೇಳಿದ್ದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸಿನಿಮಾದ್ದು ಕಟ್ಟುಕತೆ. ಅದರಲ್ಲಿ ಕಾಣುವ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದು ಬಿಸಾಡಿದ ಪುಡಿಯ ಗುಡ್ಡ, ಅದು ಮಾತ್ರ ನಿಜ. ಅಲ್ಲಿ ಇದ್ದದ್ದು ಕಂಪನಿ, ಪಾಳಿ, ಸಂಬಳ, ಯೂನಿಯನ್. ನಿಜವಾಗಿ ಕೆಳಗೆ ಇಳಿದವರ ಬದುಕೇ ಬೇರೆ, ಅದು ಸಿನಿಮಾಕ್ಕಿಂತ ದೊಡ್ಡದು.

ಎರಡನೆಯ ಪ್ರಶ್ನೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1802ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯಲು ಬಂದ ಜಾನ್ ವಾರನ್ ಎಂಬ ಬ್ರಿಟಿಷ್ ಸೇನೆಯ ಅಧಿಕಾರಿ, ಊರಿಗಾಂ ಮತ್ತು ಮಾರಿಕುಪ್ಪಂ ಹಳ್ಳಿಗಳ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ನೋಡಿ ಬರೆದಿಟ್ಟ. ಅಂದರೆ ಚಿನ್ನ ಯಾವ ಬಿಳಿಯನೂ ಕಂಡುಹಿಡಿದದ್ದಲ್ಲ, ನಮ್ಮ ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. 1870ರ ದಶಕದಲ್ಲಿ ಮೈಕಲ್ ಲ್ಯಾವೆಲ್ ಎಂಬ ಐರಿಷ್ ಸೈನಿಕ ಸರ್ಕಾರದಿಂದ ಗಣಿ ತೋಡುವ ಪರವಾನಗಿ ಪಡೆದ. ನೀವು ಕಾಫಿ ಕುಡಿಯಲು ಹೋಗುತ್ತೀರಲ್ಲ, ಬೆಂಗಳೂರಿನ ಲ್ಯಾವೆಲ್ ರಸ್ತೆ, ಅದು ಅವನ ಹೆಸರೇ. ಅವನ ಕೈಯಲ್ಲಿ ದೊಡ್ಡದಾಗಿ ಏನೂ ಆಗಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿ ಗಣಿಯಾಯಿತು.

ಆಗ ಕೆಳಗೆ ಇಳಿಯುವವರು ಬೇಕಾಯಿತು. ನಮ್ಮ ಸುತ್ತಿನ ರೈತರು ಹೊಲ ಬಿಟ್ಟು ಸುರಂಗಕ್ಕೆ ಇಳಿದದ್ದು ಕಡಿಮೆ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಜನ ಬಂದರು. ಹೆಚ್ಚಿನವರು ದಲಿತರು, ತಮಿಳು ಮಾತಾಡುವವರು. ಊರಲ್ಲಿ ಅವರಿಗೆ ಭೂಮಿಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಬಂದರು, ಇಟಲಿಯವರು ಬಂದರು, ಆಂಗ್ಲೋ ಇಂಡಿಯನ್ನರು ಮೇಸ್ತ್ರಿಗಿರಿಗೆ ನಿಂತರು, ಕಾವಲಿಗೆ ಪಂಜಾಬಿನವರು. ಸಾಹೇಬರ ಬಂಗಲೆಗಳಿಗೆ ತೋಟ, ಕ್ಲಬ್ಬು. ಕೂಲಿಯವರಿಗೆ ಬಿದಿರು ತಟ್ಟಿಯ ಸಾಲು ಮನೆ. ಆ ಸಾಲುಗಳನ್ನು ಇವತ್ತಿಗೂ ಲೈನ್ ಅಂತಲೇ ಕರೆಯುತ್ತಾರೆ.

ಆ ಲೈನ್‌ಗಳಲ್ಲಿ ಬೆಳೆದದ್ದು ಬರೀ ಬಡತನ ಅಲ್ಲ. ತಮಿಳಿನ ದಲಿತ ಚಿಂತಕ ಅಯೋತಿ ದಾಸ್ ಪಂಡಿತರ ಬೌದ್ಧ ಸಂಘಕ್ಕೆ ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಮಾರಿಕುಪ್ಪಂನಲ್ಲಿ ಶಾಖೆ ಇತ್ತು. 1930ರಲ್ಲಿ ಕಂಪನಿ ಕೂಲಿಗಳೆಲ್ಲ ಬೆರಳಚ್ಚು ಕೊಡಬೇಕು ಅಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ನಾವೇನು ಕಳ್ಳರಾ ಅನ್ನುವುದು ಅವರ ಸಿಟ್ಟು. ಕರ್ನಾಟಕದ ಕಾರ್ಮಿಕ ಚಳವಳಿಯ ಬಗ್ಗೆ ಮಾತಾಡುವಾಗ ಈ ಊರನ್ನು ಮೊದಲ ಸಾಲಿನಲ್ಲಿ ಕೂರಿಸಬೇಕು. ಅದು ಆಗಿಲ್ಲ ಅನ್ನುವ ಬೇಸರ ನನಗಿದೆ.

ಈಗ ಭಾಷೆಗೆ ಬರುತ್ತೇನೆ. ನಮ್ಮ ಕಡೆ ಆಂಧ್ರದ ಗಡಿ ಒಂದು ಪಕ್ಕ, ತಮಿಳುನಾಡಿನ ಗಡಿ ಇನ್ನೊಂದು ಪಕ್ಕ. ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆ ಕನ್ನಡ, ಸಂತೆಗೆ ಹೋದರೆ ತಮಿಳು. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯಲ್ಲಿ ಸುಮ್ನೆ ಒಂದು ಅಂಗಡಿಯ ಮುಂದೆ ನಿಂತು ನೋಡಿ. ಹಳ್ಳಿಯ ರೈತ ಬಂದು ಟೊಮ್ಯಾಟೊ ಬುಟ್ಟಿ ಇಳಿಸುತ್ತಾ ತೆಲುಗಿನಲ್ಲಿ ದರ ಹೇಳುತ್ತಾನೆ. ಅಂಗಡಿಯವರು ತಮಿಳಿನಲ್ಲಿ ಚೌಕಾಸಿ ಮಾಡುತ್ತಾರೆ. ಲೆಕ್ಕದ ಪುಸ್ತಕ ಬರೆಯುವ ಹುಡುಗ ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ. ಪಕ್ಕದಲ್ಲಿ ಮಾಂಸ ಕೊಳ್ಳಲು ಬಂದವರು ಉರ್ದುವಿನಲ್ಲಿ ಮಾತಾಡಿ, ನನ್ನ ಕಡೆ ತಿರುಗಿ ‘ಏನಣ್ಣಾ, ಬೆಂಗಳೂರಿಂದ ಯಾವಾಗ ಬಂದ್ರಿ’ ಅಂತ ಕನ್ನಡದಲ್ಲಿ ಕೇಳುತ್ತಾರೆ. ಇದರಲ್ಲಿ ಯಾರಿಗೂ ಯಾರ ಮೇಲೂ ಅನುಮಾನ ಇಲ್ಲ. ಎದುರಿಗಿರುವವರಿಗೆ ಯಾವುದು ಸಲೀಸೋ ಅದು.

ಹಾಗಾಗಿ ಕನ್ನಡ ನಡೆಯುತ್ತಾ ಅಂದರೆ, ನಡೆಯುತ್ತೆ. ಲೈನ್ ಮನೆಯ ಅಜ್ಜಿಗೆ ಬಾರದೇ ಇರಬಹುದು, ಮೊಮ್ಮಗಳಿಗೆ ಚೆನ್ನಾಗಿ ಬರುತ್ತೆ. ಐದಾರು ತಲೆಮಾರು ಈ ಮಣ್ಣಿನ ಕೆಳಗೆ ಬೆವರು ಸುರಿಸಿದವರನ್ನು ಹೊರಗಿನವರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆ ಬೆವರು ಎಂಥದ್ದು ಅಂತ ಬೆಂಗಳೂರಿನವರಿಗೆ ಗೊತ್ತಿರಬೇಕು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತದೆ, ಮೇಲಿನಿಂದ ತಣ್ಣನೆ ಗಾಳಿ ಊದದೆ ನಿಲ್ಲಲು ಆಗದು. ಬಂಡೆ ಸಿಡಿತ ಅನ್ನುವುದು ಇನ್ನೊಂದು. ಆಳದ ಒತ್ತಡಕ್ಕೆ ಬಂಡೆ ಹೇಳದೆ ಕೇಳದೆ ಸಿಡಿಯುತ್ತಿತ್ತು. ಆ ಅದುರು ಮೇಲೆ ಊರಿಗೂ ಕೇಳುತ್ತಿತ್ತು. ಪಾತ್ರೆ ಅಲುಗಿದರೆ ಹೆಂಗಸರು ಒಲೆ ಬಿಟ್ಟು ಹೊರಗೆ ಬಂದು, ಯಾವ ಶಾಫ್ಟು (ಗಣಿಗೆ ಇಳಿಯುವ ಬಾವಿ), ಯಾರ ಪಾಳಿ ಅಂತ ಕೇಳುತ್ತಿದ್ದರು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಸಿಡಿತದಿಂದ ಉಳಿದವರನ್ನು ಕಲ್ಲಿನ ಧೂಳು ಬಿಡಲಿಲ್ಲ. ಸಿಲಿಕೋಸಿಸ್ ಬಂದು ಶ್ವಾಸಕೋಶ ಹೋದವರು ಲೈನ್ ಲೈನ್‌ಗೂ ಇದ್ದರು.

ಅದೇ ಆಳದಲ್ಲಿ ವಿಜ್ಞಾನವೂ ನಡೆಯಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ನ್ಯೂಟ್ರಿನೋ ಅನ್ನುವ ಅತಿ ಸಣ್ಣ ಕಣಗಳ ಗುರುತನ್ನು ಇದೇ ಗಣಿಯಲ್ಲಿ ಹಿಡಿದರು.

ಕರೆಂಟಿನ ವಿಷಯವಂತೂ ಹೇಳಲೇಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದದ್ದೇ ಈ ಗಣಿಗಾಗಿ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್‌ಗೆ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಪಾಲಾರ್ ನದಿಯ ನೀರು ನಿಲ್ಲುವ ನಮ್ಮ ಬೇತಮಂಗಲ ಕೆರೆಯಿಂದ ಗಣಿ ಊರಿಗೆ ಕುಡಿಯುವ ನೀರು ಹೋಯಿತು.

1956ರಲ್ಲಿ ಗಣಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಸೇರಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. ಆ ಹೊತ್ತಿಗೆ ಅದಿರಿನಲ್ಲಿ ಚಿನ್ನ ತೀರಾ ಇಳಿದಿತ್ತು, ಆಳದಿಂದ ಎತ್ತುವ ಖರ್ಚು ಜಾಸ್ತಿಯಾಗುತ್ತಲೇ ಹೋಯಿತು. ಒಟ್ಟು 800 ಟನ್ ಹತ್ತಿರ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಶಾಫ್ಟುಗಳಲ್ಲಿ ನೀರು ತುಂಬಿಕೊಂಡಿತು.

ಉಳಿದದ್ದು ದಿಬ್ಬ. ಚಿನ್ನ ತೆಗೆದು ಬಿಸಾಡಿದ ನುಣ್ಣನೆ ಬೂದು ಬಣ್ಣದ ಪುಡಿ ಗುಡ್ಡಗುಡ್ಡವಾಗಿ ಬಿದ್ದಿದೆ. ದೂರದಿಂದ ಚೆಂದ ಕಾಣುತ್ತದೆ, ಫೋಟೋ ತೆಗೆಯುವವರಿಗೆ ಇಷ್ಟ. ಗಾಳಿ ಜೋರಾದ ತಿಂಗಳುಗಳಲ್ಲಿ ಹತ್ತಿರದ ಲೈನ್‌ಗೆ ಬನ್ನಿ. ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿರುತ್ತಾರೆ. ಆದರೂ ಮುಚ್ಚಿಟ್ಟ ಅನ್ನದ ಪಾತ್ರೆಯ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಒಗೆದು ಹರವಿದ ಬಟ್ಟೆ ಮತ್ತೆ ಒಗೆಯಬೇಕು. ಮಕ್ಕಳಿಗೆ ಕೆಮ್ಮು, ಕಣ್ಣುರಿ. 2024ರಲ್ಲಿ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯಲು ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ತೆಗೆಯಲಿ, ಬೇಡ ಅನ್ನುವುದಿಲ್ಲ. ಆದರೆ ಧೂಳು ಕುಡಿದವರ ಮಕ್ಕಳಿಗೆ ಅಲ್ಲಿ ಮೊದಲು ಕೆಲಸ ಸಿಗಬೇಕು. ಅವರು ಇರುವ ಮನೆ ಅವರ ಹೆಸರಿಗೆ ಆಗಬೇಕು.

ಈಗ ಊರು ನಡೆಯುವುದು ರೈಲಿನ ಮೇಲೆ. ಬಿಇಎಂಎಲ್ ಕಾರ್ಖಾನೆ ಇದೆ, ಆದರೆ ಅದೊಂದೇ ಎಷ್ಟು ಜನಕ್ಕೆ ಸಾಲುತ್ತದೆ? ನಸುಕಿನಲ್ಲಿ ಮಾರಿಕುಪ್ಪಂ ಬಿಡುವ ಗಾಡಿ ಚಾಂಪಿಯನ್, ಊರಿಗಾಂ ಅಂತ ಒಂದೊಂದೇ ನಿಲ್ದಾಣದಲ್ಲಿ ತುಂಬಿಕೊಂಡು ಬಂಗಾರಪೇಟೆ ದಾಟುತ್ತದೆ. ಕರ್ಚೀಫ್ ಹಾಕಿ ಸೀಟು ಹಿಡಿಯುತ್ತಾರೆ. ಮೂವರ ಸೀಟಿನಲ್ಲಿ ಐದು ಜನ ಕೂರುತ್ತಾರೆ. ಡಬ್ಬಿ ಬಿಚ್ಚಿ ಹಂಚಿಕೊಂಡು ತಿಂಡಿ ತಿನ್ನುತ್ತಾರೆ. ವೈಟ್‌ಫೀಲ್ಡ್, ಕೆ.ಆರ್. ಪುರಂ, ಕಂಟೋನ್ಮೆಂಟ್‌ನಲ್ಲಿ ಇಳಿದು ಸೆಕ್ಯೂರಿಟಿ, ನರ್ಸಿಂಗ್, ಗಾರ್ಮೆಂಟ್ಸ್, ಕಾಲ್ ಸೆಂಟರ್ ಅಂತ ಚದುರುತ್ತಾರೆ. ನಿಮ್ಮ ಆಫೀಸಿನ ಗೇಟಿನಲ್ಲಿ ನಿಮಗೆ ದಿನಾ ನಮಸ್ಕಾರ ಹೇಳುವವರಲ್ಲಿ ಒಬ್ಬರು ಕೆಜಿಎಫ್‌ನವರಿರಬಹುದು. ಒಮ್ಮೆ ಊರು ಕೇಳಿ ನೋಡಿ.

ಬರುವುದಾದರೆ ನೀವೂ ರೈಲಿನಲ್ಲೇ ಬನ್ನಿ. ಬಂಗಾರಪೇಟೆಯಲ್ಲಿ ಇಳಿದು, ಬಣ್ಣವಿಲ್ಲದ ನೀರಿನ ಪಾನಿಪೂರಿ ತಿಂದು ಮುಂದೆ ಹೋಗಿ. ಹಳೆಯ ಶಾಫ್ಟುಗಳ ಹತ್ತಿರ ಹೋಗಬೇಡಿ, ನೆಲ ನಂಬುವ ಹಾಗಿಲ್ಲ. ಮತ್ತೆ ಭಾನುವಾರವೇ ಬನ್ನಿ. ವಾರದ ದಿನ ಬಂದರೆ ಲೈನ್‌ಗಳಲ್ಲಿ ಸಿಗುವವರು ಮುದುಕರು, ಮಕ್ಕಳು ಅಷ್ಟೇ. ದುಡಿಯುವವರೆಲ್ಲ ಬೆಂಗಳೂರಿನಲ್ಲೇ ಇರುತ್ತಾರೆ.