ಸ್ಟೀಲ್ ಫೈಬರ್ ಕಾಂಕ್ರೀಟಿಗೆ ಸಿಲಿಕಾ ಫ್ಯೂಮ್ ಬದಲು ಸುಟ್ಟ ಜೇಡಿಮಣ್ಣು 30% ಹಾಕಬಹುದಾ?

ಎಂ.ಟೆಕ್ ಪ್ರಾಜೆಕ್ಟ್ ಅಂದಿದ್ದೀರಿ. ನಾನೂ ಇದೇ 30%ರ ಹಿಂದೆ ಬಿದ್ದು ಒಂದು ಸೆಮಿಸ್ಟರ್ ಕಳೆದುಕೊಂಡೆ. ಸುಟ್ಟ ಜೇಡಿಮಣ್ಣು, ಸುಣ್ಣದಕಲ್ಲು ಬೆರೆಸಿದ ಎಲ್‌ಸಿ3 ಸಿಮೆಂಟಿನಲ್ಲಿ ಮಣ್ಣು ಅಷ್ಟು ಇರುತ್ತಲ್ಲ, ಇಲ್ಲೂ ಆಗುತ್ತೆ ಅಂದುಕೊಂಡಿದ್ದೆ. ಸುಟ್ಟ ಮಣ್ಣಿನ ಮೇಲೆ ನಂಬಿಕೆಯೂ ಇತ್ತು. ಕೆಆರ್‌ಎಸ್ ನಿಂತಿರುವುದೇ ಸುರ್ಕಿ ಗಾರೆಯಲ್ಲಿ (ಸುಟ್ಟ ಮಣ್ಣಿನ ಪುಡಿ, ಸುಣ್ಣ ಕಲಸಿದ್ದು) ಅಲ್ವಾ?

ಸಿಮೆಂಟು, ಮಣ್ಣು ಸೇರಿ 20 ಕೆಜಿ, ನೀರು 4.4 ಲೀಟರ್. ಸಿಲಿಕಾ ಫ್ಯೂಮ್ (ಬಲಕ್ಕೆಂದು ಸಿಮೆಂಟಿಗೆ ಬೆರೆಸುವ ತೀರಾ ಸಣ್ಣ ಸಿಲಿಕಾ ಪುಡಿ) ಇದ್ದಾಗ ದೋಸೆ ಹಿಟ್ಟಿನಂತೆ ಹರಿಯುತ್ತಿದ್ದದ್ದು ಈಗ ಚಪಾತಿ ಹಿಟ್ಟಾಯಿತು. ಸಿಲಿಕಾ ಫ್ಯೂಮ್ ಕಣ ದುಂಡಗೆ, ಮಣ್ಣಿನದು ಪದರ ಪದರ. ಅದು ನೀರನ್ನೂ ಹಿಡಿಯುತ್ತೆ, ನೀರು ಹೆಚ್ಚಿಸದೆ ಕಲಸನ್ನು ಹರಿಯುವಂತೆ ಮಾಡುವ ಸೂಪರ್‌ಪ್ಲಾಸ್ಟಿಸೈಸರನ್ನೂ ಹಿಡಿಯುತ್ತೆ. ಆ ಗಟ್ಟಿ ಕಲಸಿಗೇ ಫೈಬರ್ ಸುರಿದೆ. ಉಂಡೆ ಕಟ್ಟಿತು. ಗಾಬರಿಯಾಗಿ ಒಂದು ಲೀಟರ್ ನೀರು ಹಾಕಿದೆ.

ತಪ್ಪು ಆ ಒಂದು ಲೀಟರಿನದು. ಸುಮ್ನೆ ಲೆಕ್ಕ ಹಾಕಿ ನೋಡಿ. ನೀರನ್ನು ಸಿಮೆಂಟು-ಮಣ್ಣಿನ ತೂಕದಿಂದ ಭಾಗಿಸಬೇಕು: 4.4 ಭಾಗಿಸು 20 ಅಂದರೆ 0.22. 5.4 ಆದಾಗ 0.27. ಮಾಮೂಲಿ ಕಾಂಕ್ರೀಟಿನಲ್ಲಿ 0.27 ಅಂದರೆ ತೀರಾ ಕಡಿಮೆ ನೀರು. ಇಲ್ಲಿ ಅದು ಕಾಲು ಭಾಗದಷ್ಟು ಜಾಸ್ತಿ, ಬಲ ಅಲ್ಲೇ ಬಿತ್ತು. ಅಷ್ಟಾದರೂ ಉಂಡೆ ಬಿಡಿಸಿಕೊಳ್ಳಲಿಲ್ಲ. ಸುತ್ತಲ ಪೇಸ್ಟ್ ಮಾತ್ರ ತೆಳುವಾಯಿತು. ಬಿಡಿಯಾಗಿದ್ದ ಫೈಬರ್ ವೈಬ್ರೇಟರಿಗೆ ಕೆಳಗಿಳಿಯಿತು. 28 ದಿನಕ್ಕೆ ಬೀಮ್ ಮುರಿದಾಗ ಒಳಗೆ ಗುಬ್ಬಿ ಗೂಡಿನಂಥ ಫೈಬರ್ ಗಂಟು, ನಡುವೆ ಒಣ ಪುಡಿ. ಬೆರಳಲ್ಲಿ ಕೆರೆದರೆ ಉದುರುತ್ತಿತ್ತು.

ಅದಕ್ಕೇ ಹೇಳ್ತೀನಿ, "ಎಷ್ಟು ಪರ್ಸೆಂಟ್" ಅನ್ನುವ ಪ್ರಶ್ನೆಯನ್ನೇ ಬಿಡಿ. ಫೈಬರ್ ಹಾಕುವ ಮೊದಲು ಪೇಸ್ಟ್ ಹರಿಯುತ್ತಾ, ಅದನ್ನು ಕೇಳಿ. ಎಲ್‌ಸಿ3 ಲೆಕ್ಕ ನೀರು ಧಾರಾಳವಾಗಿರುವ ಕಾಂಕ್ರೀಟಿನದು. ನೀರು ಇಷ್ಟು ಕಡಿಮೆ ಇದ್ದರೆ ಸಿಮೆಂಟೇ ಪೂರ್ತಿ ಕರಗುವುದಿಲ್ಲ, ಮಣ್ಣಿಗೆ ಬೇಕಾದ ಸುಣ್ಣವೂ ಅಷ್ಟು ಹುಟ್ಟುವುದಿಲ್ಲ. ಮಿಕ್ಕ ಮಣ್ಣು ಬರೀ ನೀರು ಕುಡಿಯುತ್ತಾ ಕೂರುತ್ತೆ. ನಾನಾದರೆ 10%ರಿಂದ ಶುರು ಮಾಡ್ತೀನಿ, ಸಿಲಿಕಾ ಫ್ಯೂಮ್ ಸ್ವಲ್ಪ ಉಳಿಸಿಕೊಂಡೇ.

ಮಣ್ಣು ಯಾವುದು ಅಂತಲೂ ನೋಡಿ. ಕಯೋಲಿನೈಟ್ (ಸುಟ್ಟಾಗ ಚುರುಕಾಗುವ ಜೇಡಿ ಖನಿಜ) 40%ಕ್ಕಿಂತ ಜಾಸ್ತಿ ಇರಲಿ, 700–850 ಡಿಗ್ರಿಯಲ್ಲಿ ಸುಟ್ಟಿರಲಿ. ಸಾವಿರ ದಾಟಿದರೆ ಅದರ ಚುರುಕು ಹೋಗುತ್ತೆ.

ಸೂಪರ್‌ಪ್ಲಾಸ್ಟಿಸೈಸರ್ ಪೂರ್ತಿ ಒಮ್ಮೆಲೇ ಸುರಿಯಬೇಡಿ, ಮೂರನೇ ಒಂದು ಭಾಗ ಕೈಯಲ್ಲಿರಲಿ. ಗಟ್ಟಿ ಅನ್ನಿಸಿದರೆ ಅದನ್ನು ಹಾಕಿ, ಮಿಕ್ಸರ್ ಇನ್ನೆರಡು ನಿಮಿಷ ತಿರುಗಲಿ. ಪೇಸ್ಟ್ ಹರಿದ ಮೇಲಷ್ಟೇ ಫೈಬರ್, ಅದೂ ಕೈಯಲ್ಲಿ ಉದುರಿಸುತ್ತಾ. ನೀರಿನ ಜಗ್ಗನ್ನು ಮಿಕ್ಸರ್ ಹತ್ತಿರ ಇಡಲೇಬೇಡಿ.