ಪ್ಯಾಕೆಟ್ ಮೇಲೆ ಬೆಟ್ಟದ ಹೆಸರು, ಲೋಟದಲ್ಲಿ ಹುರಿತದ ರುಚಿ

ಪ್ರಶ್ನೆ: ತೈವಾನಿನ ತೈಪೆಯಿಂದ ಮಗಳು ನಾಲ್ಕು ಪ್ಯಾಕೆಟ್ ಊಲಾಂಗ್ ಚಹಾ ತಂದಿದ್ದಾಳೆ. ಡಾಂಗ್ ಡಿಂಗ್, ಅಲಿಶಾನ್, ಜಿನ್ ಶುವಾನ್, ವೆನ್‌ಶಾನ್ ಬಾವ್‌ಜೊಂಗ್. ಎಲ್ಲವೂ ಊಲಾಂಗ್ ಅನ್ನುತ್ತಾಳೆ, ಆದರೆ ಒಂದರ ಬಣ್ಣ, ರುಚಿ ಇನ್ನೊಂದಕ್ಕಿಲ್ಲ. ಏಕೆ? (ಮೈಸೂರು)

ಉತ್ತರ: ಊಲಾಂಗ್ ಅಂದರೆ ಹಸಿರು ಚಹಾಗೂ ಕಪ್ಪು ಚಹಾಗೂ ನಡುವಿನದು, ಸೊಪ್ಪನ್ನು ಅರೆಬರೆ ಕಂದಾಗಿಸಿ ಮಾಡಿದ್ದು. ಗೊಂದಲ ಹೆಸರುಗಳಿಂದಲೇ ಶುರುವಾಗುತ್ತದೆ, ಏಕೆಂದರೆ ನಾಲ್ಕೂ ಒಂದೇ ಬಗೆಯ ಮಾಹಿತಿ ಕೊಡುವುದಿಲ್ಲ. ಅಲಿಶಾನ್ ಅನ್ನುವುದು ಜಿಯಾಯಿ ಜಿಲ್ಲೆಯ ಬೆಟ್ಟಸಾಲು. ಜಿನ್ ಶುವಾನ್ ಗಿಡದ ತಳಿ. ಡಾಂಗ್ ಡಿಂಗ್ ಮೂಲತಃ ನಾಂಟೌ ಜಿಲ್ಲೆಯ ಲುಗು ಎಂಬಲ್ಲಿನ ಗುಡ್ಡ. ಈಗ ಅಲ್ಲಿಯ ಕ್ರಮದಲ್ಲಿ ಹುರಿದು ಮಾಡಿದ ಚಹಾಗೂ ಅದೇ ಹೆಸರು. ಬಾವ್‌ಜೊಂಗ್ ಒಂದು ತಯಾರಿಕಾ ಕ್ರಮ, ವೆನ್‌ಶಾನ್ ತೈಪೆ ಸುತ್ತಲಿನ ಚಹಾ ಸೀಮೆ. ಹಾಗಾಗಿ ಅಲಿಶಾನ್‌ನಲ್ಲಿ ಬೆಳೆದ ಜಿನ್ ಶುವಾನ್ ಸೊಪ್ಪನ್ನು ಡಾಂಗ್ ಡಿಂಗ್ ಕ್ರಮದಲ್ಲಿ ಹುರಿದು ಮಾರುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ.

ಯಾವ ಪ್ಯಾಕೆಟ್ ಕೈಗೆ ಬಂದರೂ ನಾಲ್ಕು ವಿಷಯ ಕೇಳಿ: ತಳಿ ಯಾವುದು, ಎಷ್ಟು ಎತ್ತರದ್ದು, ಸೊಪ್ಪನ್ನು ಎಷ್ಟು ಕಂದಾಗಲು ಬಿಟ್ಟಿದ್ದಾರೆ, ಎಷ್ಟು ಹುರಿದಿದ್ದಾರೆ. ಅಂಗಡಿಯವರು ಮೊದಲೆರಡನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಲೋಟದಲ್ಲಿ ಹೆಚ್ಚು ಗೊತ್ತಾಗುವುದು ಕೊನೆಯೆರಡು.

ಕೊಯ್ದ ಸೊಪ್ಪನ್ನು ಮೊದಲು ಬಿಸಿಲಲ್ಲಿ, ಆಮೇಲೆ ಒಳಗೆ ತಟ್ಟೆಗಳಲ್ಲಿ ಹರಡಿ ಬಾಡಿಸುತ್ತಾರೆ. ನಡುನಡುವೆ ಕೈಯಲ್ಲಿ ಅಥವಾ ಬಿದಿರಿನ ಡ್ರಮ್ಮಿನಲ್ಲಿ ಕೊಡವುತ್ತಾರೆ. ಎಲೆಯ ಅಂಚು ನಲುಗಿ, ಗಾಳಿ ತಾಗಿ ಕೆಂಪಾಗುತ್ತದೆ. ಕಂದಾಗುವುದು ಅಂದರೆ ಇದೇ. ಹಸಿ ವಾಸನೆ ಹೋಗಿ ಹೂವಿನ ಘಮ ಹುಟ್ಟುವುದು ಈ ಹಂತದಲ್ಲಿ. ಬೇಕಾದಷ್ಟು ಆದ ಕೂಡಲೇ ಬಿಸಿ ಡ್ರಮ್ಮಿಗೆ ಹಾಕಿ ಆ ಕ್ರಿಯೆ ನಿಲ್ಲಿಸುತ್ತಾರೆ. ನಂತರ ಸೊಪ್ಪನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಉರುಳಿಸುವುದು, ಬಿಚ್ಚುವುದು, ಬಿಸಿ ಮಾಡಿ ಮತ್ತೆ ಕಟ್ಟುವುದು. ಇದು ಹತ್ತಾರು ಸುತ್ತು ನಡೆದಾಗ ಎಲೆ ಗಟ್ಟಿ ಉಂಡೆಯಾಗುತ್ತದೆ. ನಿಮ್ಮ ನಾಲ್ಕರಲ್ಲಿ ಬಾವ್‌ಜೊಂಗ್‌ಗೆ ಮಾತ್ರ ಈ ಕಟ್ಟುವ ಕೆಲಸವಿಲ್ಲ. ಅದಕ್ಕೇ ಅದು ಉದ್ದುದ್ದ ತಿರುಚಿದ ಎಲೆಯಾಗಿಯೇ ಉಳಿದಿದೆ.

ಈಗ ನಿಮ್ಮ ನಾಲ್ಕು ಪ್ಯಾಕೆಟ್. ಬಾವ್‌ಜೊಂಗ್ ಎಲ್ಲಕ್ಕಿಂತ ಕಡಿಮೆ ಕಂದಾದದ್ದು, ಸುಮಾರು 8ರಿಂದ 15 ಶೇಕಡಾ. ಹಳದಿ ಮಿಶ್ರಿತ ಹಸಿರು ನೀರು, ಬಿಳಿ ಹೂಗಳ ಘಮ, ತೆಳು ಮೈ. ಅಲಿಶಾನ್ ಸಾಮಾನ್ಯವಾಗಿ 1,000 ಮೀಟರಿಗಿಂತ ಮೇಲಿನ ತೋಟಗಳದ್ದು. ಘಮ ಹೂವಿನದೇ, ಆದರೆ ನಾಲಿಗೆಯ ಮೇಲೆ ದಪ್ಪ, ನುಂಗಿದ ಮೇಲೆ ಗಂಟಲಲ್ಲಿ ಸಿಹಿ. ಜಿನ್ ಶುವಾನ್‌ನಲ್ಲಿ ಕೆನೆಯ ನೆನಪು ತರುವ ನುಣುಪು. ಡಾಂಗ್ ಡಿಂಗ್ 25-30 ಶೇಕಡಾ ಕಂದಾಗಿ, ಮೇಲೆ ಹುರಿಸಿಕೊಂಡದ್ದು. ಹೊಂಬಣ್ಣದ ನೀರು, ಹುರಿದ ಬೀಜ, ಬೆಲ್ಲದ ಪಾಕ, ಒಣಹಣ್ಣು. ಕಾಫಿ ಬೀಜದ ಹಾಗೆ ಇದಕ್ಕೂ ತೆಳು, ಮಧ್ಯಮ, ಕಡು ಹುರಿತಗಳಿವೆ. ಕಡು ಹುರಿತ ಬೇಕೆನ್ನುವವರು ತೈಪೆಯದೇ ಮುಝಾ ಬೆಟ್ಟಗಳ ತಿಯೆಗುವಾನ್‌ಯಿನ್ ಎಂಬ ಊಲಾಂಗ್ ಹುಡುಕಬೇಕು.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ‘ಮಿಲ್ಕ್ ಊಲಾಂಗ್’ ಪ್ಯಾಕೆಟ್ ಬಿಚ್ಚಿದರೆ ಕೋಣೆಯೆಲ್ಲ ಹಾಲಿನ ಪೇಡೆಯ ವಾಸನೆ. ಹಾಲು ಹಾಕುತ್ತಾರೆಯೇ? (ದಾವಣಗೆರೆ)

ಉತ್ತರ: ಹಾಲು ಅಲ್ಲ, ಸುವಾಸನೆಯ ದ್ರವ ಸಿಂಪಡಿಸಿದ್ದಾರೆ. ‘ಮಿಲ್ಕ್ ಊಲಾಂಗ್’ ಎಂದು ಮಾರುವುದು ಜಿನ್ ಶುವಾನ್ ಹೆಸರಿನಲ್ಲಿ. ಅಸಲಿ ಜಿನ್ ಶುವಾನ್ ತೈವಾನಿನ ಚಹಾ ಸಂಶೋಧನಾ ಕೇಂದ್ರ 1981ರಲ್ಲಿ ಬಿಡುಗಡೆ ಮಾಡಿದ 12ನೇ ಸಂಖ್ಯೆಯ ತಳಿ. ಪ್ರಯೋಗದ ಕಾಲದ ಸಂಖ್ಯೆ 2027 ಆಗಿದ್ದರಿಂದ ರೈತರು ಇವತ್ತಿಗೂ ಅದನ್ನು ‘27’ ಎಂದೇ ಕರೆಯುತ್ತಾರೆ. ಅದರ ಕೆನೆಯ ಗುಣ ಬಲು ಮೆಲು. ಒಣ ಎಲೆಯಲ್ಲಿ ಸುಳಿವಷ್ಟೇ ಇರುತ್ತದೆ, ಬಿಸಿ ನೀರು ಬಿದ್ದ ಮೇಲೆ ಮೂಗಿಗಿಂತ ನಾಲಿಗೆಗೆ ಹೆಚ್ಚು ತಿಳಿಯುತ್ತದೆ. ಪರೀಕ್ಷೆ ಸುಲಭ. ಒಂದೇ ಎಲೆಗೆ ನಾಲ್ಕು ಬಾರಿ ನೀರು ಹಾಕಿ. ಮೊದಲ ನೀರಿನಲ್ಲಿ ಪೇಡೆ, ಮೂರನೆಯದರಲ್ಲಿ ಸಪ್ಪೆ ಅಂದರೆ ಸಿಂಪಡಿಸಿದ್ದು. ಕುಡಿಯಲು ಅಡ್ಡಿಯಿಲ್ಲ, ಜಿನ್ ಶುವಾನ್ ಬೆಲೆ ಮಾತ್ರ ಕೊಡಬೇಡಿ.

ಪ್ರಶ್ನೆ: ಎಷ್ಟು ಜಾಗ್ರತೆಯಿಂದ ಮಾಡಿದರೂ ಊಲಾಂಗ್ ಒಮ್ಮೆ ಒಗರು, ಒಮ್ಮೆ ನೀರು ನೀರು. ಸರಿಯಾದ ಅಳತೆ ತಿಳಿಸಿ. ಹಾಲು ಹಾಕಬಹುದೇ? (ಬೆಂಗಳೂರು)

ಉತ್ತರ: ಚಮಚದ ಅಳತೆ ಬಿಡಿ. ಒಂದು ಚಮಚ ಉಂಡೆ ಚಹಾ, ಒಂದು ಚಮಚ ಬಾವ್‌ಜೊಂಗ್ ತೂಕದಲ್ಲಿ ಎರಡು ಮೂರು ಪಟ್ಟು ವ್ಯತ್ಯಾಸ ಬರುತ್ತದೆ. ಗ್ರಾಂ ತೋರಿಸುವ ಅಡುಗೆ ತಕ್ಕಡಿ ಸಾಕು.

ಉಂಡೆ ಚಹಾಗೆ (ಅಲಿಶಾನ್, ಡಾಂಗ್ ಡಿಂಗ್, ಜಿನ್ ಶುವಾನ್): 120 ಮಿ.ಲೀ. ಪಾತ್ರೆಗೆ 6 ಗ್ರಾಂ. ಮೊದಲು ಬಿಸಿನೀರು ಹಾಕಿ ಪಾತ್ರೆ ಕಾಯಿಸಿ ಚೆಲ್ಲಿ. ಆಮೇಲೆ ಕುದಿಯುವ ನೀರು. ಮೊದಲ ಸಲ 50 ಸೆಕೆಂಡು. ಎರಡನೆಯದಕ್ಕೆ ಉಂಡೆ ಆಗಲೇ ಬಿಚ್ಚಿಕೊಂಡಿರುವುದರಿಂದ 35 ಸಾಕು. ಮೂರನೆಯದಕ್ಕೆ 50, ಮುಂದೆ ಪ್ರತಿ ಸಲ 20-30 ಸೆಕೆಂಡು ಏರಿಸುತ್ತ ಹೋಗಿ. ಐದಾರು ಸಲ ಬರುತ್ತದೆ. ಪ್ರತಿ ಸಲವೂ ಕೊನೆಯ ಹನಿಯವರೆಗೆ ಬಸಿಯಿರಿ. ಒಗರಿಗೆ ಮುಖ್ಯ ಕಾರಣ ಇದೇ: ತಳದಲ್ಲಿ ಉಳಿದ ನೀರಿನಲ್ಲಿ ಎಲೆ ನೆನೆಯುತ್ತಲೇ ಇರುತ್ತದೆ.

ನೀರು ನೀರಾಗುವುದಕ್ಕೆ ಕಾರಣ ಸಾಮಾನ್ಯವಾಗಿ ತಣ್ಣಗಿನ ಪಾತ್ರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅದನ್ನು ತಣ್ಣನೆ ಪಿಂಗಾಣಿಗೆ ಸುರಿದರೆ ಇನ್ನೂ ಇಳಿದು ಉಂಡೆಯ ಒಳಪದರ ಬಿಚ್ಚುವುದೇ ಇಲ್ಲ. ಗಡಸು ಬೋರ್‌ವೆಲ್ ನೀರು ಘಮವನ್ನು ನುಂಗಿಬಿಡುತ್ತದೆ, ಮೇಲೆ ತೆಳು ಪೊರೆಯೂ ಕಟ್ಟುತ್ತದೆ. ಬರೀ ಆರ್‌ಒ ನೀರಿನಲ್ಲಿ ರುಚಿ ಚಪ್ಪಟೆ. ಆರ್‌ಒ ನೀರಿಗೆ ಸ್ವಲ್ಪ ಸಾಮಾನ್ಯ ಕುಡಿಯುವ ನೀರು ಬೆರೆಸಿ ನೋಡಿ.

ಬಾವ್‌ಜೊಂಗ್‌ಗೆ 120 ಮಿ.ಲೀ.ಗೆ 5 ಗ್ರಾಂ, 90 ಡಿಗ್ರಿ, 40 ಸೆಕೆಂಡು. ಎಲೆ ಪಾತ್ರೆ ತುಂಬ ಕಂಡರೆ ಹೆದರಬೇಡಿ. ಕೊಂಡ ಚಹಾ ಒಳ್ಳೆಯದೋ ಅಲ್ಲವೋ ನೋಡಲು ತೈವಾನಿನ ಸ್ಪರ್ಧೆಗಳ ಅಳತೆ ಬಳಸಿ: 150 ಮಿ.ಲೀ. ಕುದಿವ ನೀರಿಗೆ 3 ಗ್ರಾಂ, ಉಂಡೆಗೆ 6 ನಿಮಿಷ, ಉದ್ದ ಎಲೆಗೆ 5. ಇಷ್ಟು ಹೊತ್ತು ನೆನೆದರೆ ಚಹಾ ತನ್ನ ದೋಷ ಮುಚ್ಚಿಡಲಾರದು. ಬೇಸಿಗೆಗೆ 500 ಮಿ.ಲೀ. ತಣ್ಣೀರಿಗೆ 5 ಗ್ರಾಂ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಿ, ಬೆಳಿಗ್ಗೆ ಸೋಸಿ.

ಹಾಲು? ಬಾವ್‌ಜೊಂಗ್, ಅಲಿಶಾನ್‌ಗೆ ಖಂಡಿತ ಬೇಡ, ಹಾಲಿನ ರುಚಿಯೊಂದೇ ಉಳಿಯುತ್ತದೆ. ಕಡು ಹುರಿತದ್ದು ಹಾಲನ್ನು ತಾಳಿಕೊಳ್ಳುತ್ತದೆ. ತೈವಾನಿನ ಹಾಲು-ಚಹಾ ಅಂಗಡಿಗಳಲ್ಲೂ ಹುರಿದ ಊಲಾಂಗ್ ಹಾಕುವ ರೂಢಿ ಇದೆ.

ಪ್ರಶ್ನೆ: ‘ಓರಿಯೆಂಟಲ್ ಬ್ಯೂಟಿ’ ಹುಳ ಕಚ್ಚಿದ ಸೊಪ್ಪಿನ ಚಹಾ ಎಂದು ಕೇಳಿದೆ. ನಿಜವೇ? (ಶಿರಸಿ)

ಉತ್ತರ: ನಿಜ, ಮತ್ತು ಹುಳ ಕಚ್ಚದಿದ್ದರೆ ಆ ಚಹಾ ಆಗುವುದೇ ಇಲ್ಲ. ತೈವಾನಿನ ಸಿಂಚು ಜಿಲ್ಲೆಯ ಬೇಪು, ಎಮೇ ಮತ್ತು ಪಕ್ಕದ ಮಿಯಾವ್‌ಲಿ ಜಿಲ್ಲೆಯಲ್ಲಿ ಜೂನ್ ಹೊತ್ತಿಗೆ ಸಣ್ಣ ಹಸಿರು ಜಿಗಿಹುಳು ಎಳೆ ಕುಡಿಯ ರಸ ಹೀರುತ್ತದೆ. ಗಿಡ ಅದಕ್ಕೆ ಪ್ರತಿಯಾಗಿ ಹೊಟ್ರಿಯೆನಾಲ್ ಮುಂತಾದ ಸುವಾಸಿಕ ವಸ್ತುಗಳನ್ನು ಉಂಟುಮಾಡುತ್ತದೆ. ಜೇನು, ಮಾಗಿದ ಹಣ್ಣಿನ ಘಮ ಅದರಿಂದ. ಕೀಟನಾಶಕ ಹೊಡೆದರೆ ಹುಳವೂ ಇಲ್ಲ, ಘಮವೂ ಇಲ್ಲ. ಕಚ್ಚಿಸಿಕೊಂಡ ಕುಡಿ ಸುರುಟಿ ಇಳುವರಿ ಕುಸಿಯುತ್ತದೆ, ಮೊಗ್ಗು ಮತ್ತು ಒಂದೆರಡು ಎಲೆಯನ್ನಷ್ಟೇ ಕೈಯಲ್ಲಿ ಬಿಡಿಸಬೇಕು. ಬೆಲೆ ಏರುವುದು ಅದಕ್ಕೇ. ಇದನ್ನು 60 ಶೇಕಡಾಕ್ಕೂ ಮೇಲೆ ಕಂದಾಗಿಸುತ್ತಾರೆ. ಕೊಳ್ಳುವಾಗ ಬಿಳಿ ರೋಮದ ಮೊಗ್ಗು, ಕಂದು, ಕೆಂಪು, ಹಳದಿ, ಹಸಿರು ಎಲ್ಲ ಕಾಣುತ್ತಿದೆಯೇ ನೋಡಿ. ಬರೀ ಕಪ್ಪಾಗಿದ್ದರೆ ಬಿಡಿ. 120 ಮಿ.ಲೀ.ಗೆ 4 ಗ್ರಾಂ, 85 ಡಿಗ್ರಿ, ಒಂದು ನಿಮಿಷ. ಕುದಿ ನೀರು ಹಾಕಿದರೆ ಮೊಗ್ಗು ಬೆಂದು ಕಹಿ ಬಿಡುತ್ತದೆ.

ಪ್ರಶ್ನೆ: ತೈವಾನಿನ ಎತ್ತರದ ಬೆಟ್ಟಗಳಾದ ಲಿಶಾನ್, ದಾಯುಲಿಂಗ್‌ಗಳ ಚಹಾಗಳಿಗೆ ಅಷ್ಟು ಬೆಲೆ ಕೊಡುವುದು ಸರಿಯೇ? (ಸಿಂಗಪುರ)

ಉತ್ತರ: ಎತ್ತರಕ್ಕೆ ಬೆಲೆ ಇರುವುದು ಸುಮ್ಮನೆ ಅಲ್ಲ. ಚಳಿ, ಮಂಜು ಇದ್ದಲ್ಲಿ ಸೊಪ್ಪು ನಿಧಾನ ಬೆಳೆದು ದಪ್ಪವಾಗುತ್ತದೆ, ಒಗರು ತಗ್ಗಿ ಮೈ ಬರುತ್ತದೆ. ಆದರೆ ಅದೇ ಮಂಜಿನಲ್ಲಿ ಸೊಪ್ಪು ಸರಿಯಾಗಿ ಬಾಡುವುದಿಲ್ಲ. ಅವಸರದಲ್ಲಿ ಮಾಡಿದ 2,000 ಮೀಟರ್ ಚಹಾದಲ್ಲಿ ಹಸಿ ಹುಲ್ಲಿನ ವಾಸನೆ ಉಳಿದಿರುತ್ತದೆ. ಚೆನ್ನಾಗಿ ಮಾಡಿದ 1,200 ಮೀಟರಿನದು ಅದಕ್ಕಿಂತ ಮೇಲು. ದಾಯುಲಿಂಗ್ ತೋಟಗಳನ್ನು ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆಯಿಂದ ಗುರುತಿಸುತ್ತಾರೆ. 105ನೇ ಕಿ.ಮೀ. ಬಳಿಯ ಹೆಸರುವಾಸಿ ತೋಟವನ್ನು ತೆರವು ಮಾಡಿ ವರ್ಷಗಳಾದವು, ಆದ್ದರಿಂದ ‘105ಕೆ ಹೊಸ ಬೆಳೆ’ ಎಂದು ಅಗ್ಗಕ್ಕೆ ಮಾರುವವರ ಹತ್ತಿರ ಹೋಗಬೇಡಿ. ಮೊದಲು 150 ಗ್ರಾಂ ಪ್ಯಾಕೆಟ್ ಕೊಳ್ಳಿ, ವಸಂತದ ಅಥವಾ ಚಳಿಗಾಲದ ಕೊಯ್ಲೇ ಎಂದು ಕೇಳಿ. ಬೇಸಿಗೆ ಸೊಪ್ಪು ಒಗರು.

ಪ್ರಶ್ನೆ: ಮಳೆಗಾಲದಲ್ಲಿ ಬಿಚ್ಚಿಟ್ಟ ಡಾಂಗ್ ಡಿಂಗ್ ಮುಗ್ಗಲು ಹಿಡಿದಂತಿದೆ. (ಮಡಿಕೇರಿ)

ಉತ್ತರ: ಬೂಷ್ಟು ಕಂಡರೆ ಎಸೆಯಿರಿ. ಬರೀ ತೇವ ಹೀರಿ ಮಂಕಾಗಿದ್ದರೆ ಓವನ್ನಿನಲ್ಲಿ 90 ಡಿಗ್ರಿಗೆ ತೆಳ್ಳಗೆ ಹರಡಿ 20-30 ನಿಮಿಷ ಇಡಿ, ನಡುವೆ ಒಮ್ಮೆ ಕೈಯಾಡಿಸಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ, ನಾಲ್ಕೈದು ದಿನ ಬಿಟ್ಟು ಕುಡಿಯಿರಿ, ಬಿಸಿಯ ಘಾಟು ಅಷ್ಟರಲ್ಲಿ ಇಳಿಯುತ್ತದೆ. ಬಾವ್‌ಜೊಂಗ್, ಅಲಿಶಾನ್‌ಗೆ ಈ ಉಪಾಯ ನಡೆಯದು, ಹೂವಿನ ಘಮ ಓವನ್ನಿನಲ್ಲೇ ಹೋಗಿಬಿಡುತ್ತದೆ. ಅವುಗಳ ಪ್ಯಾಕೆಟ್ ಬಿಚ್ಚಿದರೆ ಒಂದೆರಡು ತಿಂಗಳಲ್ಲಿ ಮುಗಿಸಿ. ಬಿಚ್ಚದ ಪ್ಯಾಕೆಟ್ ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರಗಿನ ಬಿಸಿಗೆ ಬಂದ ಮೇಲಷ್ಟೇ ಕತ್ತರಿಸಿ, ಇಲ್ಲದಿದ್ದರೆ ಗಾಳಿಯ ತೇವವೆಲ್ಲ ತಣ್ಣನೆ ಎಲೆಯ ಮೇಲೆ ಕೂರುತ್ತದೆ.